ಚೌಕಟ್ಟಿನ ನಾಲ್ಕು ಮೂಲೆಗಳು

ನಿಮ್ಮ ಶಾಲೆಯ ಅಥವಾ ಕಾಲೇಜಿನ ಗೋಡೆಯ ಮೇಲೆ ಗಾಂಧೀಜಿಯವರದೋ ಸರ್ ಎಂ. ವಿಶ್ವೇಶ್ವರಯ್ಯನವರದೋ ಕಟ್ಟು ಹಾಕಿಸಿದ ಚಿತ್ರವೊಂದು ಇದ್ದೇ ಇರುತ್ತದೆ. ಚಿತ್ರವನ್ನು ಬಿಟ್ಟು ಅದರ ಕಟ್ಟಿನ ಮೂಲೆಗಳನ್ನಷ್ಟೇ ಒಮ್ಮೆ ಹತ್ತಿರದಿಂದ ನೋಡಿ. ಹೊರಮೂಲೆಯಿಂದ ಒಳಮೂಲೆಗೆ ಓರೆಯಾಗಿ ಒಂದು ಗೆರೆ ಹಾದಿರುತ್ತದೆ. ಎರಡು ಪಟ್ಟಿಗಳ ತುದಿಗಳನ್ನು ತಲಾ 45 ಡಿಗ್ರಿಗೆ ಕತ್ತರಿಸಿ ಒಂದಕ್ಕೊಂದು ಅಂಟಿಸಿದ ಜಾಗ ಅದು. ಬಡಗಿಗಳು ಇದನ್ನು ಮೈಟರ್ ಜೋಡಣೆ ಎನ್ನುತ್ತಾರೆ. ಕೆಲವು ಕಟ್ಟುಗಳಲ್ಲಿ ಈ ಗೆರೆ ಕಣ್ಣಿಗೆ ಕಾಣದಷ್ಟು ಸಣ್ಣದು. ಇನ್ನು ಕೆಲವುಗಳಲ್ಲಿ ಅಂಚೆಚೀಟಿಯನ್ನೇ ತೂರಿಸಬಹುದಾದಷ್ಟು ಸಂದು ಬಿಟ್ಟಿರುತ್ತದೆ. ಸಂದಿಗೆ ಬಣ್ಣ ಬೆರೆಸಿದ ಮೇಣ ತುಂಬಿ ಮರೆಮಾಡಿರುವುದೂ ಉಂಟು.

ನಲವತ್ತೈದು ಡಿಗ್ರಿ ಎಂದರೆ ಲಂಬಕೋನದ ಅರ್ಧ. ಕಾಗದವನ್ನು ಮಡಚಿದರೂ ಸಿಗುವ ಕೋನ. ಇಷ್ಟು ಸುಲಭದ ಕೋನವನ್ನು ಮರದಲ್ಲಿ ಕತ್ತರಿಸುವುದು ಏಕೆ ಕಷ್ಟ?

ಲೆಕ್ಕ ಮಾಡಿ ನೋಡೋಣ. 30 ಸೆಂ.ಮೀ. × 40 ಸೆಂ.ಮೀ. ಅಳತೆಯ ಚಿತ್ರವೊಂದಕ್ಕೆ 40 ಮಿ.ಮೀ. ಅಗಲದ ಪಟ್ಟಿಯಿಂದ ಕಟ್ಟು ಮಾಡುತ್ತೇವೆ ಎಂದುಕೊಳ್ಳಿ. ನಾಲ್ಕು ಪಟ್ಟಿ, ಎಂಟು ಕಡಿತ. ಗರಗಸ ಹಿಡಿಯುವ ವ್ಯವಸ್ಥೆಯಲ್ಲಿ ಅರ್ಧ ಡಿಗ್ರಿ ದೋಷವಿದ್ದು ಪ್ರತಿ ಕಡಿತವೂ 45ರ ಬದಲು 44.5 ಡಿಗ್ರಿ ಬಂದಿತೆನ್ನಿ. ಒಂದು ಕಡಿತವನ್ನು ಮಾತ್ರ ನೋಡಿದರೆ ಓರೆಗೆರೆಯ ಉದ್ದ ಸುಮಾರು 57 ಮಿ.ಮೀ., ಅದರ ತುದಿಯಲ್ಲಿ ಅರ್ಧ ಡಿಗ್ರಿಗೆ ಆಗುವ ವ್ಯತ್ಯಾಸ ಅರ್ಧ ಮಿ.ಮೀ. ಯಾರೂ ಗಮನಿಸುವುದಿಲ್ಲ. ಆದರೆ ಮೂರು ಮೂಲೆಗಳನ್ನು ಬಿಗಿಯಾಗಿ ಅಂಟಿಸಿದರೆ ಅವು 90 ಡಿಗ್ರಿಯಲ್ಲ, 89 ಡಿಗ್ರಿಯ ಮೂಲೆಗಳು. ನಾಲ್ಕನೆಯ ಮೂಲೆಗೆ ಬರುವಷ್ಟರಲ್ಲಿ ಎರಡು ಪಟ್ಟಿಗಳ ತುದಿಗಳು ಒಂದನ್ನೊಂದು ಸುಮಾರು 2 ಸೆಂಟಿಮೀಟರಿನಷ್ಟು ತಪ್ಪಿಸಿಕೊಂಡು ನಿಂತಿರುತ್ತವೆ! ಹಾಗಾಗದಂತೆ ನಾಲ್ಕನ್ನೂ ಪಟ್ಟು ಹಾಕಿ ಬಲವಂತವಾಗಿ ಆಯತಕ್ಕೆ ತಂದರೆ ಪ್ರತಿ ಮೂಲೆಯಲ್ಲೂ 1 ಡಿಗ್ರಿಯ ಸಂದು, ಅಂದರೆ ಒಂದು ತುದಿಯಲ್ಲಿ ಸುಮಾರು 1 ಮಿ.ಮೀ. ಬಿರುಕು ಉಳಿಯುತ್ತದೆ. ಕಣ್ಣಿಗೆ ಕಾಣದ ದೋಷ ಎಂಟು ಸಲ ಸೇರಿ ಕಣ್ಣಿಗೆ ಹೊಡೆಯುವ ದೋಷವಾಗುವುದು ಹೀಗೆ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಇದನ್ನು ಸಂಚಿತ ದೋಷ ಎನ್ನುತ್ತೇವೆ.

ಮೈಟರ್ ಏಕೆ ಬೇಕಾಯಿತು?

ಹಳೆಯ ಕಾಲದವರು ಈ ತೊಂದರೆಯನ್ನು ತಂದುಕೊಳ್ಳಲೇ ಇಲ್ಲ. ಈಜಿಪ್ಟಿನ ಹವಾರಾ ಎಂಬಲ್ಲಿ 1880ರ ದಶಕದ ಕೊನೆಯಲ್ಲಿ ಉತ್ಖನನ ನಡೆಸಿದ ಫ್ಲಿಂಡರ್ಸ್ ಪೀಟ್ರಿ ಅವರಿಗೆ ರೋಮನ್ ಆಳ್ವಿಕೆಯ ಕಾಲದ ಒಂದು ಭಾವಚಿತ್ರ ಮರದ ಚೌಕಟ್ಟಿನ ಸಮೇತ ಸಿಕ್ಕಿತು. ಇಂದು ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಪಟ್ಟಿಗಳು ಮೂಲೆಯಲ್ಲಿ ಒಂದನ್ನೊಂದು ಅಡ್ಡ ಹಾಯ್ದು ತುಸು ಹೊರಕ್ಕೆ ಚಾಚಿಕೊಂಡಿವೆ. ಓರೆ ಕಡಿತವೇ ಇಲ್ಲ. ಚಪ್ಪಟೆ ಪಟ್ಟಿಗಳಾದರೆ ಹೀಗೆ ಒಂದರ ಮೇಲೊಂದು ಕೂರಿಸಬಹುದು. ಜೋಡಣೆ ಗಟ್ಟಿಯಾಗಿಯೂ ಇರುತ್ತದೆ.

ಪಟ್ಟಿಗೆ ಏರು ತಗ್ಗು, ಉಬ್ಬು, ತೋಡು ಬಂದಾಗ ಕತೆ ಬದಲಾಗುತ್ತದೆ. ಮೋಲ್ಡಿಂಗ್ ಎಂದರೆ ಉದ್ದಕ್ಕೂ ಒಂದೇ ಅಡ್ಡಕೊಯ್ತವಿರುವ ಪಟ್ಟಿ. ಅದರ ಪ್ರತಿಯೊಂದು ಗೆರೆಯೂ ಮೂಲೆಯಲ್ಲಿ ತಿರುಗಿ ಮುಂದಿನ ಪಟ್ಟಿಯ ಅದೇ ಗೆರೆಯನ್ನು ಸೇರಬೇಕು. ಹೀಗಾಗಬೇಕಾದರೆ ಎರಡು ಪಟ್ಟಿಗಳು ಒಂದು ತಲದ ಇಕ್ಕೆಲದಲ್ಲಿ ಬಿಂಬ ಪ್ರತಿಬಿಂಬಗಳಂತೆ ಇರಬೇಕು. ಲಂಬವಾದ ಎರಡು ಪಟ್ಟಿಗಳಿಗೆ ಆ ಸಮಮಿತಿಯ ತಲ 45 ಡಿಗ್ರಿಯಲ್ಲಲ್ಲದೆ ಬೇರೆಲ್ಲೂ ಇರಲು ಸಾಧ್ಯವಿಲ್ಲ. ನಂಬಿಕೆ ಬಾರದಿದ್ದರೆ ಒಂದು ಕನ್ನಡಿಯ ಚೂರನ್ನು ಪಟ್ಟಿಯ ಮೇಲೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಕನ್ನಡಿಯೊಳಗೆ ಪಟ್ಟಿ ತಿರುಗಿ ಚೌಕಟ್ಟಿನ ಮೂಲೆಯೇ ತಯಾರಾಗಿರುತ್ತದೆ.

ನುರಿತ ಬಡಗಿಗಳು ಈ ಸಂಗತಿಯನ್ನು ಬೆಳಕಿನ ಪಾಠ ಓದದೆಯೇ ಬಳಸುತ್ತಾರೆ. ಗರಗಸದ ಹೊಳೆಯುವ ಅಲಗಿನಲ್ಲಿ ಪಟ್ಟಿಯ ಪ್ರತಿಬಿಂಬ ಕಾಣುತ್ತದೆಯಲ್ಲವೆ? ಪ್ರತಿಬಿಂಬವು ಪಟ್ಟಿಗೆ ನೇರವಾಗಿ ಮುಂದುವರಿದಂತೆ ಕಂಡರೆ ಅಲಗು ಪಟ್ಟಿಗೆ ಲಂಬವಾಗಿದೆ. ಪ್ರತಿಬಿಂಬ ಮತ್ತು ಪಟ್ಟಿ ಸೇರಿ ಲಂಬಕೋನ ಮಾಡಿದರೆ ಅಲಗು 45 ಡಿಗ್ರಿಯಲ್ಲಿದೆ. ಅಲಗು 1 ಡಿಗ್ರಿ ತಿರುಗಿದರೆ ಪ್ರತಿಬಿಂಬ 2 ಡಿಗ್ರಿ ತಿರುಗುವುದರಿಂದ ದೋಷ ಇಮ್ಮಡಿಯಾಗಿ ಕಾಣುತ್ತದೆ. ಪ್ರತಿಫಲನದ ನಿಯಮವನ್ನು ಹತ್ತನೆಯ ತರಗತಿಯಲ್ಲಿ ಪಾಠ ಮಾಡುವವರು ಪಿನ್ನು ಮತ್ತು ಕನ್ನಡಿಯ ಪ್ರಯೋಗದ ಜೊತೆಗೆ ಇದನ್ನೂ ಒಮ್ಮೆ ತೋರಿಸಬಹುದು.

ಬಣ್ಣ ಮೊದಲೋ, ಜೋಡಣೆ ಮೊದಲೋ?

ಮಧ್ಯಯುಗದ ಇಟಲಿಯ ಚರ್ಚುಗಳ ಚಿತ್ರಗಳಲ್ಲಿ ಹಲಗೆ ಮತ್ತು ಚೌಕಟ್ಟು ಒಟ್ಟಿಗೇ ತಯಾರಾಗುತ್ತಿದ್ದವು. ಬಡಗಿ ಎರಡನ್ನೂ ಜೋಡಿಸಿ ಕೊಟ್ಟ ಮೇಲೆ ಜಿಪ್ಸಂ ಪುಡಿ ಮತ್ತು ಅಂಟು ಕಲಸಿದ ಜೆಸ್ಸೊ ಎಂಬ ಲೇಪವನ್ನು ಹಲವು ಪದರ ಬಳಿದು, ತಿಕ್ಕಿ, ಚಿನ್ನದ ರೇಕು ಅಂಟಿಸುತ್ತಿದ್ದರು. ಮೂಲೆಯ ಸಂದು ಎಷ್ಟೇ ಇರಲಿ, ಲೇಪದಡಿ ಮುಚ್ಚಿಹೋಗುತ್ತಿತ್ತು. ಚೌಕಟ್ಟು ಪ್ರತ್ಯೇಕ ವಸ್ತುವಾದ ನಂತರವೂ ಬಹುಕಾಲ ಇದೇ ಕ್ರಮ ನಡೆಯಿತು: ಮೊದಲು ಜೋಡಣೆ, ಆಮೇಲೆ ಬಣ್ಣ. ಇಂಥ ವ್ಯವಸ್ಥೆಯಲ್ಲಿ ಮೈಟರ್ ಕರಾರುವಾಕ್ಕಾಗಿರಬೇಕಾದ ಒತ್ತಾಯವೇನೂ ಇರಲಿಲ್ಲ.

ಒತ್ತಾಯ ಮೊದಲು ಕಾಣಿಸಿಕೊಂಡದ್ದು 17ನೆಯ ಶತಮಾನದಲ್ಲಿ, ಎಬನಿ ಎಂಬ ಕರಿಮರದ ಚೌಕಟ್ಟುಗಳಲ್ಲಿ. ಹಾಲೆಂಡ್ ಮತ್ತು ಜರ್ಮನಿಯಲ್ಲಿ ಬಹಳ ಮೆಚ್ಚುಗೆ ಪಡೆದ ಈ ಕಟ್ಟುಗಳ ಮೇಲೆ ನೀರಿನ ಅಲೆಗಳಂಥ ಸಣ್ಣ ಸಣ್ಣ ಏರಿಳಿತಗಳಿರುತ್ತಿದ್ದವು. ಅಲೆ ಮೂಡಿಸುವ ಯಂತ್ರವನ್ನು ರೂಪಿಸಿದ ಹೆಗ್ಗಳಿಕೆ ನ್ಯೂರಂಬರ್ಗಿನ ಶ್ವಾನ್‌ಹಾರ್ಟ್ ಎಂಬ ಕುಶಲಕರ್ಮಿಯದೆಂದು ಹೇಳಲಾಗಿದೆ. ಇಲ್ಲಿ ಮರದ ಹೊಳಪೇ ಅಲಂಕಾರ. ಮೇಲೆ ಲೇಪ ಬಳಿಯುವಂತಿಲ್ಲ. ಮೂಲೆಯಲ್ಲಿ ಅಲೆಗೆ ಅಲೆ ಕೂಡಬೇಕು.

ಇದೇ ಶತಮಾನದಲ್ಲಿ ಲಂಡನ್ನಿನ ಜೋಸೆಫ್ ಮಾಕ್ಸನ್ ಕೈಕಸುಬುಗಳ ಬಗ್ಗೆ ಬರೆಯತೊಡಗಿದರು. ಮಾಕ್ಸನ್ ಭೂಪಟ, ಭೂಗೋಳಗಳನ್ನು ತಯಾರಿಸಿ ಮಾರುತ್ತಿದ್ದ ವ್ಯಾಪಾರಿ. ಅವರ 'ಮೆಕ್ಯಾನಿಕ್ ಎಕ್ಸರ್ಸೈಸಸ್' 1678ರಿಂದ ತಿಂಗಳ ಕಂತುಗಳಾಗಿ ಹೊರಬಂತು. ಕಮ್ಮಾರಿಕೆ, ಬಡಗಿತನ, ಕಡೆತದ ಕೆಲಸ, ಮುಂದೆ ಮುದ್ರಣ, ಹೀಗೆ ಒಂದೊಂದನ್ನೂ ಉಪಕರಣಗಳ ಚಿತ್ರಸಹಿತ ವಿವರಿಸಿದರು. ಮೈಟರ್ ಗೆರೆ ಎಳೆಯುವ ಮಟ್ಟ, ಓರೆಗೆ ಗರಗಸ ಹಿಡಿಯುವ ಮೈಟರ್ ಪೆಟ್ಟಿಗೆ, ಅಲೆ ಮೂಡಿಸುವ ಯಂತ್ರ ಎಲ್ಲವೂ ಅದರಲ್ಲಿವೆ. ಅದೇ 1678ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. ಕಸುಬಿನ ವಿಷಯವನ್ನು ತಿಂಗಳ ಪತ್ರಿಕೆಯಂತೆ ಹಂಚುವ ಕೆಲಸಕ್ಕೆ ಮೂರು ಶತಮಾನಗಳಿಗೂ ಹೆಚ್ಚಿನ ಇತಿಹಾಸವಿದೆ ಎನ್ನುವುದು ಈ ಪುಟಗಳ ಓದುಗರಿಗೆ ಹಿತವಾದ ಸಂಗತಿಯೇ ಸರಿ.

ಆದರೆ ನಿಜವಾದ ತಿರುವು ಬಂದದ್ದು 19ನೆಯ ಶತಮಾನದಲ್ಲಿ. ಸ್ಯಾಮ್ಯುಯಲ್ ಬೆಂಥಮ್ 1793ರ ತಮ್ಮ ಪೇಟೆಂಟಿನಲ್ಲಿ ಸೂಚಿಸಿದ್ದ ತಿರುಗುವ ಅಲಗುಗಳ ಯಂತ್ರಗಳು ಬರಬರುತ್ತಾ ಕಾರ್ಖಾನೆಗಳಿಗೆ ಬಂದವು. 1839ರಲ್ಲಿ ಛಾಯಾಚಿತ್ರಣ ಲೋಕಕ್ಕೆ ಪ್ರಕಟವಾಯಿತು. ಅಗ್ಗದ ಬಣ್ಣದ ಮುದ್ರಣ ಬಂತು. ನಮ್ಮಲ್ಲೂ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದಿಂದ ಲಕ್ಷ್ಮಿ, ಸರಸ್ವತಿಯರ ಚಿತ್ರಗಳು ಮನೆಮನೆಯ ದೇವರ ಗೂಡು ಸೇರಿದವು. ಚಿತ್ರ ಅಗ್ಗವಾದಾಗ ಕಟ್ಟೂ ಅಗ್ಗವಾಗಬೇಕಲ್ಲ! ಬಣ್ಣ, ಗಿಲೀಟು ಎಲ್ಲ ಮುಗಿಸಿದ ಮೋಲ್ಡಿಂಗನ್ನು ಅಡಿಗಳ ಲೆಕ್ಕದಲ್ಲಿ ಕೊಂಡು, ಅಂಗಡಿಯಲ್ಲಿ ಕತ್ತರಿಸಿ ಜೋಡಿಸುವ ಪದ್ಧತಿ ಬೆಳೆಯಿತು. ಹೀಗೆ ಕ್ರಮ ತಲೆಕೆಳಗಾಯಿತು. ಮೊದಲು ಬಣ್ಣ, ಆಮೇಲೆ ಕಡಿತ. ಲೇಪದ ಆಸರೆ ತಪ್ಪಿತು. ಚಿನ್ನದ ಬಣ್ಣದ ಪಟ್ಟಿಯ ಮೂಲೆಯಲ್ಲಿ ಕಾಲು ಮಿ.ಮೀ. ಬಿಳಿ ಮರ ಇಣುಕಿದರೂ ಗಿರಾಕಿಗೆ ಕಾಣುತ್ತದೆ. ಮೂಲೆಯ ನಿಖರತೆ ಕುಶಲಿಯ ಹೆಮ್ಮೆಯ ಪ್ರಶ್ನೆಯಾಗಿದ್ದದ್ದು ಬೀದಿಬದಿಯ ಅಂಗಡಿಯ ನಿತ್ಯದ ಪ್ರಶ್ನೆಯಾಯಿತು.

ಕೋನ ಅಳೆಯದೆ ಕೋನ ಸರಿಪಡಿಸುವುದು

ಮರದ ಮೈಟರ್ ಪೆಟ್ಟಿಗೆ ನಿಮಗೆ ಗೊತ್ತಿರಬಹುದು. ಮೂರು ಹಲಗೆಗಳ ತೊಟ್ಟಿ, ಅದರ ಗೋಡೆಗಳಲ್ಲಿ 45 ಡಿಗ್ರಿಯ ಸೀಳುಗಳು. ಗರಗಸ ಆಡಿದಂತೆಲ್ಲ ಸೀಳು ಅಗಲವಾಗುತ್ತಾ ಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಅಮೆರಿಕದ ಮೆಸಾಚುಸೆಟ್ಸಿನ ಲಿಯಾಂಡರ್ ಲ್ಯಾಂಗ್ಡನ್ 1864ರಲ್ಲಿ ಕಬ್ಬಿಣದ ಪೆಟ್ಟಿಗೆಯೊಂದಕ್ಕೆ ಪೇಟೆಂಟ್ ಪಡೆದರು. ಗರಗಸವನ್ನು ಲೋಹದ ಮಾರ್ಗದರ್ಶಿಗಳು ಹಿಡಿದಿಡುತ್ತವೆ, ಸವೆತ ಕಡಿಮೆ. ಉತ್ತಮವಾದ ಉಪಕರಣವೇ, ಆದರೆ ಅದೂ 45 ಡಿಗ್ರಿಯ ಗುರುತನ್ನೇ ನಂಬಿದೆ. ಗುರುತಿನಲ್ಲಿ ದೋಷವಿದ್ದರೆ ಎಂಟು ಪಟ್ಟು ಬಂದೇ ಬರುತ್ತದೆ.

ಇದಕ್ಕಿಂತ ಜಾಣ ಉಪಾಯ ಬಡಗಿಯ ಉಜ್ಜುಹಲಗೆಯಲ್ಲಿದೆ. ನನ್ನ ಮಟ್ಟಿಗೆ ಇಡೀ ಕಸುಬಿನಲ್ಲೇ ಅತ್ಯಂತ ಸುಂದರವಾದ ಭೌತಶಾಸ್ತ್ರ ಇರುವುದು ಇಲ್ಲಿ. ಒಂದು ಹಲಗೆಯ ನೇರ ಅಂಚಿನ ಪಕ್ಕದಲ್ಲಿ ಉಜ್ಜುಗೊರಡು ಹಿಂದೆ ಮುಂದೆ ಓಡುತ್ತದೆ. ಹಲಗೆಯ ಮೇಲೆ ಲಂಬಕೋನದ ಒಂದು ಮರದ ತುಂಡನ್ನು, ಅದರ ಮೂಲೆ ಅಂಚಿನ ಕಡೆಗೆ ಇರುವಂತೆ ಮೊಳೆ ಹೊಡೆದಿರುತ್ತಾರೆ. ತುಂಡಿನ ಎಡಬದಿಗೆ ಒತ್ತಿ ಹಿಡಿದು ಪಟ್ಟಿಯ ಒಂದು ತುದಿಯನ್ನೂ ಬಲಬದಿಗೆ ಒತ್ತಿ ಇನ್ನೊಂದು ತುದಿಯನ್ನೂ ಉಜ್ಜಬೇಕು. ಈಗ ಆ ತುಂಡನ್ನು ಕೂರಿಸುವಾಗ ಅದು ಅರ್ಧ ಡಿಗ್ರಿ ತಿರುಗಿಕೊಂಡಿತು ಎನ್ನಿ. ಎಡಬದಿಯಲ್ಲಿ ಉಜ್ಜಿದ ತುದಿಗಳೆಲ್ಲ 45.5 ಡಿಗ್ರಿ, ಬಲಬದಿಯಲ್ಲಿ ಉಜ್ಜಿದವೆಲ್ಲ 44.5 ಡಿಗ್ರಿ ಆಗುತ್ತವೆ. ಚೌಕಟ್ಟಿನ ಪ್ರತಿ ಮೂಲೆಯಲ್ಲೂ ಕೂಡುವುದು ಒಂದು ಎಡತುದಿ ಮತ್ತು ಒಂದು ಬಲತುದಿ ತಾನೆ? ಮೊತ್ತ 90 ಡಿಗ್ರಿಯೇ! ಎರಡು ಬದಿಗಳು ಪೂರಕ ಕೋನಗಳಾಗಿರುವುದರಿಂದ ಒಂದರ ಹೆಚ್ಚು ಇನ್ನೊಂದರ ಕಡಿಮೆಯನ್ನು ತುಂಬಿಕೊಡುತ್ತದೆ. ದೋಷ ಎಂಟು ಪಟ್ಟಾಗುವ ಬದಲು ಪ್ರತಿ ಮೂಲೆಯಲ್ಲೂ ಸೊನ್ನೆಯಾಯಿತು.

ಇದರಲ್ಲಿ ಒಂದು ಸಣ್ಣ ತೆರಿಗೆಯಿದೆ, ಅದನ್ನು ಹೇಳದಿದ್ದರೆ ಲೆಕ್ಕ ಅಪೂರ್ಣ. 45.5 ಡಿಗ್ರಿಯ ಕಡಿತದ ಉದ್ದಕ್ಕಿಂತ 44.5 ಡಿಗ್ರಿಯ ಕಡಿತದ ಉದ್ದ ಹೆಚ್ಚು. 40 ಮಿ.ಮೀ. ಪಟ್ಟಿಯಲ್ಲಿ ಈ ವ್ಯತ್ಯಾಸ ಸುಮಾರು 1 ಮಿ.ಮೀ. ಆದ್ದರಿಂದ ಸಂದು ಇಲ್ಲದಿದ್ದರೂ ಮೋಲ್ಡಿಂಗಿನ ಗೆರೆಗಳು ಅಷ್ಟರಮಟ್ಟಿಗೆ ಕೂಡುವುದಿಲ್ಲ. ದೋಷವು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟಿದ್ದರೆ ಈ ತೆರಿಗೆ 0.2 ಮಿ.ಮೀ. ಮಾತ್ರ, ಕಣ್ಣು ಕ್ಷಮಿಸುತ್ತದೆ.

ಚೌಕಟ್ಟಿನ ಅಂಗಡಿಗಳಲ್ಲಿ ಕಾಲಿನಿಂದ ತುಳಿದು ನಡೆಸುವ ಕತ್ತರಿ ಯಂತ್ರವನ್ನು ನೀವು ನೋಡಿರಬಹುದು. ಡೆನ್ಮಾರ್ಕಿನ ಮೊರ್ಸೊ ಹೆಸರಿನವು ಈ ಬಗೆಯಲ್ಲಿ ಪ್ರಸಿದ್ಧ. ಅದರಲ್ಲಿ ಎರಡು ಅಲಗುಗಳು ಪರಸ್ಪರ 90 ಡಿಗ್ರಿಯಲ್ಲಿ ಒಂದೇ ದಿಮ್ಮಿಗೆ ಬಿಗಿದಿರುತ್ತವೆ. ಒಮ್ಮೆ ತುಳಿದರೆ ಒಂದು ಪಟ್ಟಿಯ ಬಲತುದಿ ಮತ್ತು ಮುಂದಿನ ಪಟ್ಟಿಯ ಎಡತುದಿ ಒಟ್ಟಿಗೇ ತಯಾರಾಗಿ ನಡುವಿನ ತ್ರಿಕೋನದ ಚೂರು ಕೆಳಗೆ ಬೀಳುತ್ತದೆ. ತತ್ತ್ವ ಉಜ್ಜುಹಲಗೆಯದೇ. ಅಲಗುಗಳ ದಿಮ್ಮಿ ಕೊಂಚ ಓರೆಯಾದರೂ ಮೊತ್ತ ಕೆಡುವುದಿಲ್ಲ.

ಹಾಗಾದರೆ ನಮಗೆ ಬೇಕಾದದ್ದು ನಿಖರವಾದ 45 ಡಿಗ್ರಿ ಅಲ್ಲ, ನಿಖರವಾದ 90 ಡಿಗ್ರಿ. ಲಂಬಕೋನವನ್ನು ಪರೀಕ್ಷಿಸಲು ಬೇರೆ ಮಾನಕ ಬೇಡ. ನೇರ ಅಂಚಿಗೆ ಮೂಲೆಮಟ್ಟ ಒತ್ತಿ ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಮತ್ತೊಂದು ಎಳೆಯಿರಿ. ಎರಡೂ ಒಂದೇ ಆದರೆ ಮಟ್ಟ ಸರಿ. ಬೇರೆಯಾದರೆ ನಡುವಿನ ಕೋನ ದೋಷದ ಎರಡರಷ್ಟು. ಆಕೃತಿ ತಾನೇ ತನಗೆ ಸಾಕ್ಷಿ ಹೇಳುವ ಇಂಥ ವಿಧಾನಗಳು ಮಾಪನ ವಿಜ್ಞಾನದಲ್ಲಿ ಹಲವಿವೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಬಳಿ ಆಧಾರರೇಖೆ ಅಳೆದು ತ್ರಿಕೋನಗಳ ಸರಪಳಿಯನ್ನು ಮೈಸೂರು ಸೀಮೆಗೆ ತಂದಾಗಲೂ ಕಾವಲಿಗಿದ್ದದ್ದು ಇದೇ ಬಗೆಯ ತತ್ತ್ವ. ಪ್ರತಿ ತ್ರಿಕೋನದ ಮೂರೂ ಕೋನಗಳನ್ನು ಅಳೆದು, ಭೂಮಿಯ ದುಂಡಗಿನಿಂದಾಗುವ ಸಣ್ಣ ಹೆಚ್ಚಳವನ್ನು ಕಳೆದರೆ ಮೊತ್ತ 180 ಆಗಲೇಬೇಕು. 1804ರಲ್ಲಿ ಬೆಂಗಳೂರಿನ ಬಳಿ ಅಳೆದ ಸುಮಾರು 7 ಮೈಲಿಯ ತಾಳೆರೇಖೆ ಲೆಕ್ಕದ ಉದ್ದಕ್ಕಿಂತ ನಾಲ್ಕು ಅಂಗುಲವೂ ವ್ಯತ್ಯಾಸವಾಗಲಿಲ್ಲ. ಚೌಕಟ್ಟಿನ ನಾಲ್ಕನೆಯ ಮೂಲೆ ಬಡಗಿಯ ತಾಳೆರೇಖೆ.

ನೀವೇ ಮಾಡುವುದಾದರೆ

ಉದ್ದದ ವಿಷಯದಲ್ಲೂ ಅಳತೆಗಿಂತ ಹೋಲಿಕೆ ಮೇಲು. ಎದುರುಬದುರಿನ ಪಟ್ಟಿಗಳು ಸಮನಾಗಿರಬೇಕೇ ಹೊರತು ಅವು 371 ಮಿ.ಮೀ. ಇವೆಯೋ 371.5 ಇವೆಯೋ ಎಂಬುದು ಮುಖ್ಯವಲ್ಲ. ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ತುದಿಗಳನ್ನು ಬೆರಳಿನಿಂದ ಸವರಿ ನೋಡಿ. ಮಿ.ಮೀ.ನ ಹತ್ತನೆಯ ಒಂದು ಭಾಗದಷ್ಟು ಎತ್ತರ ತಗ್ಗೂ ಬೆರಳಿಗೆ ಗೊತ್ತಾಗುತ್ತದೆ, ಅಳತೆಪಟ್ಟಿಗೆ ಗೊತ್ತಾಗುವುದಿಲ್ಲ.

ಈ 371 ಎಲ್ಲಿಂದ ಬಂತು? ಪಟ್ಟಿಯ ಅಗಲ 40 ಮಿ.ಮೀ., ಅದರಲ್ಲಿ ಗಾಜು ಕೂರುವ ಹಿಂಬದಿಯ ಮೆಟ್ಟಿಲು 6 ಮಿ.ಮೀ. ಉಳಿದ 34 ಮಿ.ಮೀ. ಎರಡೂ ಕಡೆ ಸೇರಿ 68. ಗಾಜು ಬಿಗಿಯಾಗದಿರಲು 3 ಮಿ.ಮೀ. ಬಿಡುವು. ಚಿತ್ರದ 300ಕ್ಕೆ ಇವನ್ನು ಕೂಡಿದರೆ ಹೊರ ಅಂಚಿನ ಉದ್ದ 371. ಹಾಗೆಯೇ 400ಕ್ಕೆ 471. ಒಟ್ಟು ಬೇಕಾದ ಮೋಲ್ಡಿಂಗ್ 1684 ಮಿ.ಮೀ., ಜೊತೆಗೆ ಗರಗಸ ತಿನ್ನುವ ಭಾಗ. ಎರಡು ಪಟ್ಟಿಗಳ ನಡುವೆ ವ್ಯರ್ಥವಾಗುವ ತ್ರಿಕೋನದ ವಿಸ್ತೀರ್ಣ ಎಷ್ಟು, ಪಟ್ಟಿಯನ್ನು ಮಗುಚಿ ಅದನ್ನು ಉಳಿಸಲು ಏಕೆ ಬರುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೇ ಬಿಡಬಹುದು.

ಕಡಿತದ ಮುಖ ಪಟ್ಟಿಯ ಬೆನ್ನಿಗೂ ಲಂಬವಾಗಿರಬೇಕು. ಕೆಲವರು ಬೇಕೆಂದೇ ಹಿಂಬದಿಯನ್ನು ಕೂದಲೆಳೆಯಷ್ಟು ಹೆಚ್ಚು ಉಜ್ಜುತ್ತಾರೆ, ಮುಂಬದಿ ಬಿಗಿಯಾಗಿ ಕೂಡಲೆಂದು. ಇನ್ನು ಅಂಟು. ಮರವೆಂದರೆ ಉದ್ದುದ್ದ ಕೊಳವೆಗಳ ಕಟ್ಟು. ಓರೆ ಕಡಿತದಲ್ಲಿ ಕೊಳವೆಗಳ ಬಾಯಿ ತೆರೆದಿರುವುದರಿಂದ ಬಳಿದ ಅಂಟನ್ನು ಅವು ಹೀರಿಕೊಂಡು ಜೋಡಣೆ ಒಣಗಿ ನಿಲ್ಲುತ್ತದೆ. ಮೊದಲು ತೆಳುವಾಗಿ ಒಂದು ಸಲ ಬಳಿದು, ಹೀರಿದ ಮೇಲೆ ಮತ್ತೊಮ್ಮೆ ಬಳಿಯಬೇಕು. ಆಗಲೂ ಇದು ಬಲಹೀನ ಜೋಡಣೆಯೇ. ಅದಕ್ಕಾಗಿಯೇ ಮೂಲೆಗೆ ಅಡ್ಡಲಾಗಿ ಗರಗಸದಿಂದ ಸೀಳು ಮಾಡಿ ತೆಳುವಾದ ಮರದ ಚಕ್ಕೆ ಕೂರಿಸುವುದು, ಮೊಳೆ ಹೊಡೆಯುವುದು, ಅಥವಾ ಈಗಿನ ಅಂಗಡಿಗಳಂತೆ ಹಿಂಬದಿಯಿಂದ 'ವಿ' ಅಕ್ಷರದಂತೆ ಮಡಚಿದ ಉಕ್ಕಿನ ಚೂರನ್ನು ಒತ್ತಿ ಇಳಿಸುವುದು. ಅಂಟು ಹಸಿಯಿರುವಾಗಲೇ ಎರಡೂ ಕರ್ಣಗಳನ್ನು ಒಂದೇ ದಾರದಿಂದ ಹೋಲಿಸಿ ನೋಡಿ.

ಇಷ್ಟೆಲ್ಲ ಮಾಡಿದರೂ ಮೂಲೆ ಬಿಡುವುದುಂಟು, ಏಕೆಂದರೆ ಮರ ಸುಮ್ಮನಿರುವ ವಸ್ತುವಲ್ಲ. ಸಾಪೇಕ್ಷ ಆರ್ದ್ರತೆ ಶೇ. 85ರ ಆಸುಪಾಸಿನಲ್ಲಿದ್ದರೆ ಮರದ ತೇವಾಂಶ ಸುಮಾರು ಶೇ. 18ಕ್ಕೆ ನಿಲ್ಲುತ್ತದೆ; ಶೇ. 30ರಲ್ಲಿ ಸುಮಾರು ಶೇ. 6ಕ್ಕೆ ಇಳಿಯುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಕಟ್ಟಿಸಿದ ತೇಗದ ಚೌಕಟ್ಟನ್ನು ಬೇಸಿಗೆಯ ಕಲಬುರಗಿಗೆ ಒಯ್ದಂತೆ ಎಂದುಕೊಳ್ಳಿ. ಮರದ ಎಳೆಗೆ ಅಡ್ಡಲಾಗಿ ಅಗಲ ಶೇ. 1ರಿಂದ 2.5ರವರೆಗೆ ಕುಗ್ಗಬಹುದು, ಉದ್ದ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಅಗಲ ಮಾತ್ರ ಕುಗ್ಗಿದರೆ 45 ಡಿಗ್ರಿಯ ಓರೆ 45 ಆಗಿ ಉಳಿಯದು. ಶೇ. 2ರ ಕುಗ್ಗುವಿಕೆಗೆ ಪ್ರತಿ ತುದಿಯಲ್ಲೂ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಮೂಲೆಗೆ ಒಂದು ಡಿಗ್ರಿಗಿಂತ ಹೆಚ್ಚು ಸಂದು ಬೀಳುತ್ತದೆ. ಹೊರಮೂಲೆ ಕೂಡಿಯೇ ಇದ್ದು ಒಳಮೂಲೆಯಲ್ಲಿ ಬಾಯಿ ಬಿಡುತ್ತದೆ. ತೇವ ಹೀರಿ ಹಿಗ್ಗಿದರೆ ಇದಕ್ಕೆ ವಿರುದ್ಧವಾಗಿ ಹೊರಮೂಲೆ ತೆರೆಯುತ್ತದೆ. ಪಟ್ಟಿ ಅಗಲವಾದಷ್ಟೂ ಬಿರುಕು ದೊಡ್ಡದು.

ಇಂದು ಅಂಗಡಿಗಳಲ್ಲಿ ಸಿಗುವ ಮೋಲ್ಡಿಂಗಿನಲ್ಲಿ ಬಹುಪಾಲು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನದು. ಅದೂ ಬಿಸಿಲಿಗೆ ಹಿಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗುವುದರಿಂದ ಆಕೃತಿ ದೊಡ್ಡದಾಗುತ್ತದೆ, ಕೋನ ಬದಲಾಗುವುದಿಲ್ಲ. ಅದರ ಮೂಲೆಯಲ್ಲಿ ಸಂದು ಕಂಡರೆ ಕತ್ತರಿಸಿದವರದೋ ಅಂಟಿಸಿದವರದೋ ದೋಷ.

ನಿಮ್ಮ ಶಾಲೆಯ ಗೋಡೆಯ ಮೇಲಿರುವುದು ಮರದ ಹಳೆಯ ಕಟ್ಟಾಗಿದ್ದರೆ ಒಂದು ಕೆಲಸ ಮಾಡಬಹುದು. ನೋಟ್‌ಪುಸ್ತಕದ ಒಂದು ಹಾಳೆಯ ದಪ್ಪ ಮಿ.ಮೀ.ನ ಹತ್ತನೆಯ ಒಂದು ಭಾಗಕ್ಕಿಂತ ತುಸು ಕಡಿಮೆ. ನೂರು ಹಾಳೆ ಒತ್ತಿ ಅಳೆದು ನಿಮ್ಮದರ ಲೆಕ್ಕ ತೆಗೆಯಿರಿ. ಒಳಮೂಲೆಯ ಸಂದಿನಲ್ಲಿ ಎಷ್ಟು ಹಾಳೆಗಳ ಚೂರು ಒಟ್ಟಿಗೆ ಹಿಡಿಯುತ್ತವೆ ಎಂಬುದನ್ನು ನಾಲ್ಕೂ ಮೂಲೆಗಳಿಗೆ ತಿಂಗಳಿಗೊಮ್ಮೆ ಬರೆದಿಡಿ; ಒಣ ಮತ್ತು ಒದ್ದೆ ಉಷ್ಣಮಾಪಕಗಳಿಂದ ಅಂದಿನ ಆರ್ದ್ರತೆಯನ್ನೂ ಗುರುತಿಸಿ. ಏಪ್ರಿಲಿನಲ್ಲಿ ಹೆಚ್ಚಾಗಿ ಆಗಸ್ಟಿನಲ್ಲಿ ಕಡಿಮೆಯಾಗುವ ಸಂದು ಮರದ್ದು. ವರ್ಷವಿಡೀ ಒಂದೇ ಸಮನಿರುವ ಸಂದು ಗರಗಸದ್ದು.